ಕೊಬ್ಬಿದ ಅಳಿಲು, ಹಸಿದ ಕೋವಿ

ನಾಯಿ ನೀರಿಗೆ ಧುಮುಕಿತು.

1803ರ ಸೆಪ್ಟೆಂಬರ್ 11. ಒಹಾಯೊ ನದಿ. ಅಮೆರಿಕದ ಸೇನೆಯ ಕ್ಯಾಪ್ಟನ್ ಮೆರಿವೆದರ್ ಲೂಯಿಸ್ ದೋಣಿಯ ಅಂಚಿಗೆ ಬಂದು ನೋಡಿದ. ನೀರಿನ ಮೇಲೆ ಪುಟ್ಟ ಪುಟ್ಟ ತಲೆಗಳು. ಒಂದಲ್ಲ, ಎರಡಲ್ಲ. ಎಲ್ಲವೂ ಪಶ್ಚಿಮದ ದಡ ಬಿಟ್ಟು ಪೂರ್ವದ ದಡದತ್ತ ಈಜುತ್ತಿವೆ. ಹಗುರಾಗಿ, ಚುರುಕಾಗಿ, ಹಿಂತಿರುಗಿ ನೋಡದೆ. ಅಳಿಲುಗಳು!

ಅಂದು ರಾತ್ರಿ ಅವನು ಹೊಟ್ಟೆತುಂಬ ಉಂಡ. ದಿನಚರಿ ತೆಗೆದ, ಬರೆದ: ಅಳಿಲುಗಳು ಕೊಬ್ಬಿದ್ದವು, ಹುರಿದಾಗ ರುಚಿಯಾಗಿದ್ದವು.

ಸರಿಯಾಗಿ ಎರಡು ವರ್ಷ ಕಳೆಯಿತು. 1805ರ ಸೆಪ್ಟೆಂಬರ್ 11ರಂದು ಅದೇ ಲೂಯಿಸ್ ಬಿಟರ್‌ರೂಟ್ ಬೆಟ್ಟಸಾಲಿಗೆ ಕಾಲಿಟ್ಟ. ಅಲ್ಲೂ ಅಳಿಲುಗಳಿದ್ದವು. ಆದರೆ ಅಲ್ಲಿ ಅವನ ಜನ ತಮ್ಮ ಕುದುರೆಮರಿಗಳನ್ನು ಕೊಂದು ತಿಂದರು. ನಡುವೆ ಆದದ್ದೇನು?

ಮೊದಲು ನದಿಗೆ ಬರೋಣ. 1803ರ ಆಗಸ್ಟ್ 31ರ ಬೆಳಿಗ್ಗೆ ಪಿಟ್ಸ್‌ಬರ್ಗ್‌ನಿಂದ ಹೊರಟದ್ದು 55 ಅಡಿ ಉದ್ದದ ಕೀಲ್‌ಬೋಟ್. ಏಳು ಸೈನಿಕರು, ಒಬ್ಬ ಚುಕ್ಕಾಣಿಗ, ಪರೀಕ್ಷೆಗೆಂದು ಸೇರಿಸಿಕೊಂಡ ಮೂವರು ಹುಡುಗರು. ಜೊತೆಗೆ ಸೀಮನ್ ಎಂಬ ನ್ಯೂಫೌಂಡ್‌ಲ್ಯಾಂಡ್ ತಳಿಯ ನಾಯಿ. ಲೂಯಿಸ್ ಅದಕ್ಕೆ 20 ಡಾಲರ್ ತೆತ್ತಿದ್ದ. ಅಧ್ಯಕ್ಷ ಥಾಮಸ್ ಜೆಫರ್ಸನ್ ಕೊಟ್ಟ ಕೆಲಸ ಒಂದೇ: ಖಂಡವನ್ನು ದಾಟು, ಪೆಸಿಫಿಕ್ ಸಾಗರ ಮುಟ್ಟು, ಮರಳಿ ಬಾ.

ಖಂಡ ದಾಟುವುದಿರಲಿ, ಮೊದಲ ದಿನವೇ ಕೊಲೆ ನಡೆದುಹೋಗುತ್ತಿತ್ತು.

ಪಿಟ್ಸ್‌ಬರ್ಗ್‌ನಿಂದ ಮೂರು ಮೈಲಿ ಕೆಳಗಿನ ದ್ವೀಪದಲ್ಲಿ ಊರವರು ಸೇರಿದ್ದರು. ಲೂಯಿಸ್ ತನ್ನ ಗಾಳಿಕೋವಿ ತೆಗೆದ. ಮದ್ದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಹಿಡಿಯಲ್ಲಿ ಒತ್ತಿ ತುಂಬಿದ ಗಾಳಿಯೇ ಗುಂಡನ್ನು ಚಿಮ್ಮಿಸುತ್ತದೆ. 55 ಗಜ ದೂರಕ್ಕೆ ಏಳು ಸಲ ಹೊಡೆದು ತೋರಿಸಿದ. ಜನ ಬೆರಗಾದರು. ನೋಡಲೆಂದು ಒಬ್ಬ ಕೈಗೆ ತೆಗೆದುಕೊಂಡ, ಅರಿಯದೆ ಒತ್ತಿಬಿಟ್ಟ. 40 ಗಜ ಆಚೆ ನಿಂತಿದ್ದ ಹೆಂಗಸು ಧೊಪ್ಪನೆ ಬಿದ್ದಳು. ಹಣೆಯ ಪಕ್ಕದಿಂದ ರಕ್ತ ಚಿಮ್ಮಿತು. ಸತ್ತಳೆಂದೇ ಎಲ್ಲರೂ ಹೌಹಾರಿದರು. ಒಂದು ನಿಮಿಷ. ಆಮೇಲೆ ಅವಳು ಕಣ್ಣು ತೆರೆದಳು. ಗುಂಡು ಟೋಪಿ ತೂರಿ ಚರ್ಮ ಸವರಿ ಹೋಗಿತ್ತು. ಕೂದಲೆಳೆಯಲ್ಲಿ ಪಾರು!

ಅಲ್ಲಿಂದ ಮುಂದೆ ನದಿಯೇ ಶತ್ರುವಾಯಿತು. ಒಹಾಯೊ ಬತ್ತಿತ್ತು. ಕೆಲವೆಡೆ ನೀರು ಗೇಣುದ್ದವೂ ಇಲ್ಲ. ದೋಣಿ ಜಲ್ಲಿಕಲ್ಲಿಗೆ ಉಜ್ಜಿತು, ನಿಂತಿತು. ಇಳಿದರು, ಸಾಮಾನು ಇಳಿಸಿದರು, ಎತ್ತಿದರು, ನೂಕಿದರು. ಸಾಲದಾದಾಗ ಗುದ್ದಲಿ ಹಿಡಿದು ನದಿಯ ತಳವನ್ನೇ ಅಗೆದರು. ಅದೂ ಸಾಲದಾದಾಗ ದಡದ ರೈತರಿಂದ ಕುದುರೆ, ಎತ್ತು ಬಾಡಿಗೆ ತಂದು ಕಟ್ಟಿ ಎಳೆಸಿದರು. ಬೆಳಗಿನ ಮಂಜಿನಲ್ಲಿ ಎದುರಿನ ದಡವೇ ಕಾಣದು. ಹೀಗೆ ಸೊಂಟ ಮುರಿಯುವಂತೆ ದುಡಿದ ಮೈಗೆ ಉಪ್ಪುಹಾಕಿದ ಹಂದಿಮಾಂಸ, ಒಣರೊಟ್ಟಿ ಸಾಲದು. ತಾಜಾ ಮಾಂಸ ಬೇಕು. ಎಲ್ಲಿಂದ ತರುವುದು?

ಉತ್ತರ ತಾನೇ ಈಜಿ ಬಂತು.

ನಮ್ಮ ಹಿತ್ತಲಿನ ಮೂರು ಗೆರೆಯ ಅಳಿಲನ್ನು ಈಗ ಮರೆತುಬಿಡಿ. ರಾಮನ ಬೆರಳಿನ ಗುರುತು ಹೊತ್ತ ಆ ಪುಟಾಣಿ ಅಂಗೈಯೊಳಗೆ ಹಿಡಿಸುತ್ತದೆ, ತೂಕ ನೂರು ಗ್ರಾಮಿನ ಆಸುಪಾಸು. ಒಹಾಯೊದ ಕಾಡಿನದು ಬೂದು ಅಳಿಲು. ಅರ್ಧ ಕಿಲೋ ತೂಗುವ ಗಟ್ಟಿ ಪ್ರಾಣಿ. ಅದರಲ್ಲೇ ಮೈಯೆಲ್ಲ ಕಪ್ಪಾದವೂ ಹುಟ್ಟುತ್ತವೆ. ಲೂಯಿಸ್ ಕಂಡವುಗಳಲ್ಲಿ ಬಹಳಷ್ಟು ಕಪ್ಪು. ಬೇಸಿಗೆಯ ಕೊನೆಯಿಂದ ಅವು ಓಕ್, ಹಿಕರಿ, ವಾಲ್ನಟ್ ಕಾಯಿಗಳನ್ನು ಕಡಿದು ತಿಂದು ಮೈಗೆ ಕೊಬ್ಬು ಕಟ್ಟಿಕೊಳ್ಳುತ್ತವೆ. ಒಂದು ವರ್ಷ ಕಾಯಿ ಸುರಿದರೆ ಮರಿಗಳು ಹೆಚ್ಚುತ್ತವೆ. ಮರುವರ್ಷ ಕಾಯಿ ಕೈಕೊಟ್ಟರೆ ಇಡೀ ಸಂತತಿ ಕಾಡು ಬಿಟ್ಟು ಹೊರಡುತ್ತದೆ. ಬೇಲಿ ದಾಟುತ್ತವೆ, ಊರು ದಾಟುತ್ತವೆ, ನದಿಗೆ ಬೀಳುತ್ತವೆ. ಎಷ್ಟೋ ಮುಳುಗುತ್ತವೆ. ಆದರೂ ನಿಲ್ಲುವುದಿಲ್ಲ.

ಲೂಯಿಸ್ ತಲೆ ಕೆರೆದುಕೊಂಡ. ಎರಡೂ ದಡಗಳಲ್ಲಿ ಕಾಯಿ ಹೇರಳವಾಗಿದೆ, ಮತ್ತೇಕೆ ಈ ವಲಸೆ? ಹವೆಗಾಗಿಯೇ? ಉತ್ತರ ಸಿಗಲಿಲ್ಲ. ಕಾಯಲೂ ಇಲ್ಲ. ನಾಯಿಯನ್ನು ಬಿಟ್ಟ.

ಸೀಮನ್ ಹಾರಿತು, ಸೀಳಿತು, ಹಿಡಿಯಿತು. ನೀರಿನಲ್ಲೇ ಕೊಂದಿತು. ಬಾಯಲ್ಲಿ ಕಚ್ಚಿಕೊಂಡು ಈಜಿ ದೋಣಿಗೆ ತಂದಿತು. ಇಳಿಸಿತು, ಮತ್ತೆ ಹಾರಿತು. ಒಂದು ಗುಂಡು ಖರ್ಚಿಲ್ಲ, ಒಂದು ಚಿಟಿಕೆ ಮದ್ದಿಲ್ಲ. ದಿನಕ್ಕೆ ಬೇಕಾದಷ್ಟು ಮಾತ್ರ ಹಿಡಿಸಿದೆ ಎಂದು ಲೂಯಿಸ್ ಬರೆದಿದ್ದಾನೆ. ಆ ಅಳತೆಯ ಮಾತು ನನಗೆ ಬಹಳ ಹಿಡಿಸಿತು. ಅದೇ ವರ್ಷದ ನವೆಂಬರ್ 16ರಂದು ಒಬ್ಬ ಮೂಲನಿವಾಸಿ ಈ ನಾಯಿಗೆ ಮೂರು ಬೀವರ್ ಚರ್ಮ ಕೊಡಲು ಮುಂದಾದ. ಲೂಯಿಸ್ ಕೊಡುತ್ತಾನೆಯೇ!

ಇನ್ನು ಅಡುಗೆ. ಲೂಯಿಸ್ ಬರೆದದ್ದು ಹುರಿದೆ ಎಂದಷ್ಟೇ. ಆದರೆ ಆ ಸೀಮೆಯ ಕೆಂಟಕಿ, ವರ್ಜೀನಿಯಾಗಳ ಮನೆಗಳಲ್ಲಿ ಈ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದಿದೆ. ಅಲ್ಲಿ ಮೊದಲ ಶತ್ರು ಸಮಯ.

ಅಳಿಲಿನ ಮೈ ಬೆಚ್ಚಗಿರುವಾಗಲೇ ಸುಲಿಯಬೇಕು. ತಣ್ಣಗಾದರೆ ತೊಗಲು ಅಂಟಿಕೊಳ್ಳುತ್ತದೆ, ಎಳೆದವನ ಉಗುರು ಕಿತ್ತುಬರುತ್ತದೆ. ಮೊದಲು ಮೈಯನ್ನು ನೀರಲ್ಲಿ ಅದ್ದು. ಇಲ್ಲವಾದರೆ ಒಂದೊಂದು ಕೂದಲೂ ಮಾಂಸಕ್ಕೆ ಅಂಟಿ ಹಲ್ಲಿಗೆ ಸಿಗುತ್ತದೆ. ಬಾಲದ ಬುಡದಲ್ಲಿ ಒಳಗಿನಿಂದ ಮೂಳೆ ಕತ್ತರಿಸು, ಬೆನ್ನಿನ ತೊಗಲು ತುಂಡಾಗದಂತೆ ನೋಡಿಕೋ. ಬಾಲವನ್ನು ನೆಲಕ್ಕೆ ಹಾಸು, ಬೂಟಿನಿಂದ ಮೆಟ್ಟು. ಹಿಂಗಾಲು ಎರಡನ್ನೂ ಹಿಡಿದು ಮೇಲಕ್ಕೆ ಎಳೆ. ಒಂದೇ ಎಳೆತ! ತೊಗಲು ಅಂಗಿ ಕಳಚಿದಂತೆ ತಲೆಯವರೆಗೆ ಸುಲಿದು ಬರುತ್ತದೆ. ಅಮೆರಿಕದ ಮನೆಮನೆಯ ಅಡುಗೆ ಪುಸ್ತಕ ‘ಜಾಯ್ ಆಫ್ ಕುಕಿಂಗ್’ ಕೂಡ ಒಂದು ಕಾಲದಲ್ಲಿ ಬಾಲ ಮೆಟ್ಟಿದ ಬೂಟಿನ ಚಿತ್ರ ಹಾಕಿ ಇದನ್ನು ಕಲಿಸುತ್ತಿತ್ತು.

ಆದರೆ ಕೈ ತಪ್ಪುವ ಜಾಗ ಇನ್ನೂ ಮುಂದಿದೆ. ಮುಂಗಾಲುಗಳ ಸಂದಿನಲ್ಲಿ, ಸೊಂಟದ ಬಳಿ ಬಟಾಣಿಯಷ್ಟು ಸಣ್ಣ ಗ್ರಂಥಿಗಳಿವೆ. ಅವನ್ನು ಕಿತ್ತೆಸೆಯಬೇಕು. ಉಳಿದರೆ ಇಡೀ ಪಾತ್ರೆ ವಾಸನೆ ಹೊಡೆಯುತ್ತದೆ. ಉಪ್ಪುನೀರಿನಲ್ಲಿ ನೆನೆಹಾಕು. ನಾಲ್ಕು ಕಾಲು, ಒಂದು ಬೆನ್ನು, ಐದು ತುಂಡು ಮಾಡು.

ಈಗ ವಯಸ್ಸಿನ ಪರೀಕ್ಷೆ. ಕಿವಿ ಹಿಡಿದು ಎಳೆದು ನೋಡು. ಸುಲಭವಾಗಿ ಹರಿದರೆ ಎಳೆಯದು, ನೇರ ಬಾಣಲೆಗೆ. ಹರಿಯದಿದ್ದರೆ ಮುದಿಯದು. ಅದನ್ನು ಹುರಿದರೆ ಚಕ್ಕಳ ಜಗಿದಂತೆ. ಮೊದಲು ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ ಸೋಲಿಸಬೇಕು.

ಎಳೆಯದಕ್ಕೆ ಉಪ್ಪು, ಮೆಣಸುಪುಡಿ, ಗೋಧಿಹಿಟ್ಟು ಹೊರಳಿಸು. ಎರಕದ ಕಬ್ಬಿಣದ ಬಾಣಲೆಯಲ್ಲಿ ಹಂದಿಕೊಬ್ಬು ಕಾಯಲಿ. ತುಂಡು ಬಿಡು. ಚುರ್ರೆನ್ನುತ್ತದೆ. ಕಂದು ಬಣ್ಣ ಬರುವವರೆಗೆ ತಿರುಗಿಸು. ಆಮೇಲೆ ಉರಿ ತಗ್ಗಿಸು, ಚೂರು ನೀರು ಚಿಮುಕಿಸು, ಮುಚ್ಚಳ ಮುಚ್ಚು, ಕಾದಿರು. ಮೂಳೆಯಿಂದ ಮಾಂಸ ಬಿಡಲು ಶುರುವಾದಾಗ ತೆಗೆ. ತಳದಲ್ಲಿ ಉಳಿದ ಕರಕಲನ್ನು ಬಿಸಾಡಿದವನು ಮೂರ್ಖ. ಅದಕ್ಕೇ ಹಿಟ್ಟು ಉದುರಿಸಿ, ಕೆದಕಿ, ಹಾಲು ಸುರಿದು ಗೊಜ್ಜು ಮಾಡುತ್ತಾರೆ. ಜೋಳದ ರೊಟ್ಟಿ ಅದ್ದಿ ತಿನ್ನುತ್ತಾರೆ. ಕಾಯಿ ತಿಂದು ಬೆಳೆದ ಮಾಂಸಕ್ಕೆ ಕಾಯಿಯದೇ ಸಿಹಿ. ಮುದಿ ಅಳಿಲುಗಳು ಕಡಾಯಿ ಸೇರುತ್ತವೆ. ಮುಸುಕಿನ ಜೋಳ, ಬೀನ್ಸ್, ಈರುಳ್ಳಿ ಜೊತೆ ಗಂಟೆಗಟ್ಟಲೆ ಕುದಿಯುತ್ತವೆ. ವರ್ಜೀನಿಯಾದ ಬ್ರನ್ಸ್‌ವಿಕ್ ಸ್ಟ್ಯೂ ಹುಟ್ಟಿದ್ದು ಅಳಿಲಿನ ಕಡಾಯಿಯಲ್ಲೇ ಎಂದು ಅಲ್ಲಿಯವರು ಎದೆತಟ್ಟಿ ಹೇಳುತ್ತಾರೆ.

ನಾಯಿಯೂ ಇಲ್ಲ, ನದಿಯೂ ಇಲ್ಲ ಎಂದಾಗ? ಆಗ ಕೋವಿ.

ಉದ್ದ ನಳಿಗೆಯ ರೈಫಲ್. ಮೂರೂವರೆ ಅಡಿ ಕಬ್ಬಿಣ, ಒಳಗೆ ಸುರುಳಿ ಗೆರೆ. ಅಳಿಲಿಗೆಂದೇ ಸಣ್ಣ ಬಾಯಿ, ಅಂಗುಲದ ಮೂರರಲ್ಲೊಂದು ಭಾಗ ಮಾತ್ರ. ಒಂದು ಪೌಂಡ್ ಸೀಸ ಕರಗಿಸಿದರೆ ನೂರಕ್ಕೂ ಹೆಚ್ಚು ಗುಂಡು. ಮದ್ದು ಅಳೆ, ಸುರಿ. ಎಣ್ಣೆ ಬಟ್ಟೆಯಲ್ಲಿ ಗುಂಡು ಸುತ್ತು, ಗಜದಿಂದ ತಳ್ಳು. ಕಿವಿಮದ್ದು ಹಾಕು, ಕೋವಿಯ ಕುದುರೆ ಎತ್ತು, ಗುರಿ ಹಿಡಿ. ತಪ್ಪಿದೆಯೋ, ಮತ್ತೆ ತುಂಬುವಷ್ಟರಲ್ಲಿ ಅಳಿಲು ಮರದ ಆ ಬದಿಗೆ ಸರಿದಿರುತ್ತದೆ. ಹೊಡೆದೆಯೋ, ಬೇರೆ ಅಪಾಯ: ಗುಂಡು ಮೈ ನಡುವೆ ಹೊಕ್ಕರೆ ಊಟವೇ ಚಿಂದಿ.

ಅದಕ್ಕೆ ಕೆಂಟಕಿಯ ಬೇಟೆಗಾರರು ಹೂಡಿದ ಉಪಾಯ ಕೇಳಿ. ಅಳಿಲಿಗೆ ಗುರಿ ಇಡುವುದೇ ಇಲ್ಲ! ಅದು ಹೊಟ್ಟೆಯೂರಿ ಮಲಗಿದ ಕೊಂಬೆಯ ತೊಗಟೆಗೆ, ಸರಿಯಾಗಿ ಮೈಯ ಕೆಳಗೆ, ಗುಂಡು ಹೊಡೆಯುತ್ತಾರೆ. ತೊಗಟೆ ಸಿಡಿದು ಚೂರಾಗುತ್ತದೆ. ಆ ಪೆಟ್ಟಿಗೇ ಅಳಿಲು ಚಿಮ್ಮಿ, ಗಿರಗಿರ ತಿರುಗಿ, ಮೈಮೇಲೆ ಗೀರೂ ಇಲ್ಲದೆ ನೆಲಕ್ಕೆ ಬೀಳುತ್ತದೆ. ಖ್ಯಾತ ಬೇಟೆಗಾರ ಡೇನಿಯಲ್ ಬೂನ್ ಐವತ್ತು ಹೆಜ್ಜೆ ದೂರದಿಂದ ಹೀಗೆ ಹೊಡೆದದ್ದನ್ನು ಕಂಡೆ ಎಂದು ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಬರೆದಿಟ್ಟಿದ್ದಾನೆ. ಬೆರಳಗಲ ಮೇಲಾದರೆ ಮಾಂಸ ಹಾಳು, ಬೆರಳಗಲ ಕೆಳಗಾದರೆ ಅಳಿಲು ಓಟ.

ಇಷ್ಟೆಲ್ಲ ಪಟ್ಟರೂ ಒಂದು ಅಳಿಲಿನಿಂದ ಸಿಗುವುದು ಹೆಚ್ಚೆಂದರೆ ಇನ್ನೂರು ಗ್ರಾಂ ಮಾಂಸ. ಇಲ್ಲಿ ನಿಂತು ಒಂದು ಲೆಕ್ಕ ಹಾಕಿ. 1805ರ ಜುಲೈ 13ರಂದು ಲೂಯಿಸ್ ತನ್ನ ತಂಡದ ದಿನದ ಊಟವನ್ನು ದಾಖಲಿಸಿದ: ನಾಲ್ಕು ಜಿಂಕೆ, ಇಲ್ಲವೇ ಎಲ್ಕ್ ಎಂಬ ಒಂದು ದೊಡ್ಡ ಸಾರಂಗ ಮತ್ತು ಒಂದು ಜಿಂಕೆ, ಇಲ್ಲವೇ ಒಂದು ಕಾಡೆಮ್ಮೆ. ತಂಡದಲ್ಲಿ 33 ಜೀವ. ಒಬ್ಬೊಬ್ಬ ಗಂಡಾಳು ಹಗಲಿಡೀ ದೋಣಿ ಎಳೆದು ನಾಲ್ಕು ಕಿಲೋವರೆಗೆ ಮಾಂಸ ನುಂಗುತ್ತಿದ್ದ. ಅಳಿಲಿನಲ್ಲಿ ಅಳೆದರೆ ಒಬ್ಬನಿಗೆ ಇಪ್ಪತ್ತು. ಇಡೀ ತಂಡಕ್ಕೆ ದಿನವೊಂದಕ್ಕೆ ಆರುನೂರರ ಹತ್ತಿರ!

ಜಿಂಕೆ ಸಿಗುವವರೆಗೆ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಬಿಟರ್‌ರೂಟ್‌ನಲ್ಲಿ ಜಿಂಕೆ ಸಿಗಲಿಲ್ಲ.

1805ರ ಸೆಪ್ಟೆಂಬರ್ 11ರ ಮಧ್ಯಾಹ್ನ. ಲೂಯಿಸ್, ಜೊತೆ ನಾಯಕ ವಿಲಿಯಂ ಕ್ಲಾರ್ಕ್, ಸೈನಿಕರು, ಕ್ಲಾರ್ಕ್‌ನ ಗುಲಾಮ ಯಾರ್ಕ್, ಬೆನ್ನಿಗೆ ಏಳು ತಿಂಗಳ ಕೂಸು ಕಟ್ಟಿಕೊಂಡ ಶೊಶೋನಿ ಬುಡಕಟ್ಟಿನ ಹೆಣ್ಣು ಸಕಾಗವಿಯ. ದಾರಿ ತೋರಿಸಲು ಶೊಶೋನಿ ಮುದುಕ ಟೋಬಿ. ಮುಂದೆ ಲೋಲೊ ಹಾದಿ. 7000 ಅಡಿ ಎತ್ತರದ ಏಣುಗಳು, ಉರುಳಿ ಅಡ್ಡ ಬಿದ್ದ ಮರಗಳು, ಕಡಿದಾದ ಇಳಿಜಾರು.

ಸೆಪ್ಟೆಂಬರ್ 14. ಮಳೆ, ಆಲಿಕಲ್ಲು, ಹಿಮ. ಬೇಟೆಯಿಲ್ಲ. ಒಂದು ಕುದುರೆಮರಿ ಕೊಂದರು. ಪಕ್ಕದ ತೊರೆಗೆ ‘ಮರಿ ಕೊಂದ ತೊರೆ’ ಎಂದೇ ಹೆಸರಿಟ್ಟರು.

ಸೆಪ್ಟೆಂಬರ್ 15. ಕ್ಲಾರ್ಕ್‌ನ ಮೇಜು ಹೊತ್ತ ಕುದುರೆ ಕಾಲು ಜಾರಿತು. 40 ಗಜ ಉರುಳಿತು, ಮರಕ್ಕೆ ಬಡಿದು ನಿಂತಿತು. ಮೇಜು ಪುಡಿ, ಕುದುರೆಗೆ ಏನೂ ಇಲ್ಲ. ಮೇಲೇರಿದರೆ ಹನಿ ನೀರಿಲ್ಲ. ಹಿಮ ಕರಗಿಸಿ ಮಾಂಸ ಬೇಯಿಸಿದರು.

ಸೆಪ್ಟೆಂಬರ್ 16. ಬೆಳಗಾಗುವ ಮೂರು ಗಂಟೆ ಮೊದಲೇ ಹಿಮ ಶುರು. ದಿನವಿಡೀ ಸುರಿಯಿತು. ಕಾಲುಚೀಲವಿಲ್ಲದವರು ಚಿಂದಿ ಸುತ್ತಿಕೊಂಡು ನಡೆದರು. ತೆಳು ಮೊಕಾಸಿನ್‌ನೊಳಗೆ ಕಾಲು ಹೆಪ್ಪುಗಟ್ಟೀತೆಂದು ಕ್ಲಾರ್ಕ್ ನಡುಗಿದ. ಹೊರಡುವ ಮೊದಲು ನಾಲ್ಕು ಜಿಂಕೆ ಕಣ್ಣಿಗೆ ಬಿದ್ದಿದ್ದವು. ಒಂದು ದೊಡ್ಡ ಗಂಡು. ಕ್ಲಾರ್ಕ್ ಗುರಿ ಹಿಡಿದ, ಒತ್ತಿದ. ಟಕ್. ಕಿಡಿಯಿಲ್ಲ. ಮತ್ತೆ ಟಕ್. ಮತ್ತೆ, ಮತ್ತೆ. ಏಳು ಸಲ! ಏಳು ಸಲವೂ ಕೋವಿ ಮೌನ. ಎಂದೂ ಕೈಕೊಡದ ಕೋವಿ ಅದು. ಬಿಚ್ಚಿ ನೋಡಿದರೆ ಚಕಮಕಿ ಕಲ್ಲು ಸಡಿಲಗೊಂಡಿತ್ತು. ಅಷ್ಟರಲ್ಲಿ ತಂಡದ ಒಂದು ದಿನದ ಊಟ ಕೈ ತಪ್ಪಿ ಹೋಗಿತ್ತು.

ಎರಡನೆಯ ಮರಿ ಹೋಯಿತು. ಮರುದಿನ ಮೂರನೆಯದೂ.

ಸೆಪ್ಟೆಂಬರ್ 18. ಕ್ಲಾರ್ಕ್ ಆರು ಬೇಟೆಗಾರರೊಡನೆ ಮುಂದೆ ಧಾವಿಸಿದ. ಹಿಂದೆ ಉಳಿದ ಲೂಯಿಸ್ ಉಗ್ರಾಣ ಎಣಿಸಿದ. ಒಣಗಿಸಿ ಗಟ್ಟಿಮಾಡಿದ ಸಾರಿನ ಕೆಲವು ಡಬ್ಬಿ. ಫಿಲಡೆಲ್ಫಿಯಾದಲ್ಲಿ 193 ಪೌಂಡ್ ಕೊಂಡಿದ್ದ, 289 ಡಾಲರ್ 50 ಸೆಂಟ್ ತೆತ್ತು. ಇಡೀ ಯಾತ್ರೆಗೆ ಕಾಂಗ್ರೆಸ್ ಮೊದಲು ಮಂಜೂರು ಮಾಡಿದ್ದೇ 2500 ಡಾಲರ್. ಚೂರು ಕರಡಿ ಎಣ್ಣೆ. ಸುಮಾರು 20 ಪೌಂಡ್ ಮೇಣದಬತ್ತಿ. ಹೌದು, ಮೇಣದಬತ್ತಿಯನ್ನೂ ಊಟದ ಪಟ್ಟಿಗೆ ಸೇರಿಸಿದ. ಆಮೇಲೆ ಸುತ್ತ ನೋಡಿದ. ಈ ನೆಲದ ಮೇಲೆ ತಮ್ಮನ್ನು ಬಿಟ್ಟರೆ ಇರುವ ಜೀವಗಳು ಯಾವುವು? ಒಂದಷ್ಟು ಕಾಡುಕೋಳಿ. ಪಾರಿವಾಳದಷ್ಟು ದೊಡ್ಡ ಒಂದು ನೀಲಿ ಹಕ್ಕಿ. ಮತ್ತು ಸಣ್ಣ ಬೂದು ಅಳಿಲುಗಳು.

ಅದೇ ಕೈ, ಅದೇ ದಿನಚರಿ. ಒಹಾಯೊದಲ್ಲಿ ರುಚಿಯೆಂದು ಬರೆದ ಪ್ರಾಣಿ ಇಲ್ಲಿ ಕೊನೆಯ ಆಸರೆಗಳ ಸಾಲಿನಲ್ಲಿ ಕೂತಿತು. ಕೋವಿಯನ್ನು ನೆಚ್ಚಿ ಪ್ರಯೋಜನವಿಲ್ಲವೆಂದು ಅವನು ಅಲ್ಲೇ ಬರೆದ.

ಏಕೆ? ಮದ್ದಿಗೆ ಬರವಿರಲಿಲ್ಲ. ಲೂಯಿಸ್‌ನ ಸಿದ್ಧತೆ ಅದ್ಭುತ: 52 ಸೀಸದ ಡಬ್ಬಿ, ಒಂದೊಂದರಲ್ಲೂ 4 ಪೌಂಡ್ ಮದ್ದು. ಡಬ್ಬಿ ಖಾಲಿಯಾದರೆ ಅದರದೇ 8 ಪೌಂಡ್ ಸೀಸ ಕರಗಿಸಿ ಗುಂಡು ಎರೆಯಬಹುದು. ಆದರೆ ಸೇನೆಯ ರೈಫಲ್‌ಗೆ ಎರೆಯುವುದು ಎಲ್ಕ್ ಕೆಡವುವ ಗುಂಡು, ಅರ್ಧ ಅಂಗುಲದ ಆಸುಪಾಸು. ಆ ಬೆಟ್ಟದ ಅಳಿಲು ಒಹಾಯೊದ್ದರ ಅರ್ಧದಷ್ಟು. ಹೊಡೆದರೆ ಉಳಿಯುವುದು ಬಾಲ, ಕೂದಲು. ಉಳಿದರೂ ಬಡಕಲು. ಸ್ನಾಯು ಇದೆ, ಕೊಬ್ಬಿಲ್ಲ. ಚಳಿಯಲ್ಲಿ ನಡೆಯುವ ಮೈ ಕೊಬ್ಬು ಬೇಡುತ್ತದೆ. ಬಡಕಲು ಮಾಂಸ ಎಷ್ಟು ತಿಂದರೂ ಹಸಿವು ಆರುವುದಿಲ್ಲ, ಭೇದಿ ಹಿಡಿಯುತ್ತದೆ, ಕಾಲು ಸೋಲುತ್ತದೆ. ಉತ್ತರದ ಬೇಟೆಗಾರರು ಇದಕ್ಕೆ ಮೊಲದ ಹಸಿವು ಎಂದೇ ಹೆಸರಿಟ್ಟಿದ್ದಾರೆ.

ಸೆಪ್ಟೆಂಬರ್ 19. ಏಣಿನ ತುದಿಯಿಂದ ದೂರದಲ್ಲಿ ಬಯಲು ಕಂಡಿತು. ಕೂಗಿದರು, ಕುಣಿದರು. ಮಾರ್ಗದರ್ಶಿ ಬೆರಳು ತೋರಿದ, ಆದರೆ ನಡುವೆ ಇನ್ನೂ ಸುಮಾರು 60 ಮೈಲಿ ಇದ್ದಂತೆ ಕಂಡಿತು. ಅಂದೇ ಒಂದು ಕುದುರೆ ಹೊರೆಯೊಡನೆ ಸುಮಾರು ನೂರು ಗಜ ಉರುಳಿ ತೊರೆಗೆ ಬಿತ್ತು. ಸತ್ತಿತೆಂದರು. ಇಪ್ಪತ್ತು ನಿಮಿಷದಲ್ಲಿ ಎದ್ದು ನಡೆಯಿತು!

ಮನುಷ್ಯರು ಅಷ್ಟು ಗಟ್ಟಿ ಉಳಿದಿರಲಿಲ್ಲ. ಚರ್ಮದ ಮೇಲೆ ಹುಣ್ಣು, ಹೊಟ್ಟೆಯಲ್ಲಿ ಭೇದಿ. ಸೆಪ್ಟೆಂಬರ್ 20ರಂದು ದಾರಿಯಲ್ಲಿ ಮಾಂಸ ತೂಗುತ್ತಿತ್ತು. ಕ್ಲಾರ್ಕ್ ಒಂದು ಅಲೆಮಾರಿ ಕುದುರೆ ಕೊಂದು, ತಾನು ಒಂದಿಷ್ಟು ತಿಂದು, ಉಳಿದುದನ್ನು ಹಿಂದೆ ಬರುವವರಿಗೆಂದು ಬಿಟ್ಟಿದ್ದ. ಮರುದಿನ ಲೂಯಿಸ್ ಒಂದು ಕೊಯೋಟಿ ಹೊಡೆದ. ಕೆಲವು ಕಾಡುಕೋಳಿ ಸಿಕ್ಕವು. ತೊರೆಗೆ ಕೈಹಾಕಿ ಸೀಗಡಿಯಂಥ ಕ್ರೇಫಿಶ್ ಹಿಡಿದರು. ಎಲ್ಲವನ್ನೂ ಉಂಡರು. ಮುಂದಿನ ಊಟ ಎಲ್ಲೆಂದು ಗೊತ್ತಿಲ್ಲ. ಮೈಯಲ್ಲಿ ಶಕ್ತಿ ಕುಂದುತ್ತಿದೆ ಎಂದು ಲೂಯಿಸ್ ಒಪ್ಪಿಕೊಂಡ.

ಅಷ್ಟರಲ್ಲಿ ಕ್ಲಾರ್ಕ್ ವೀಯೈಪ್ ಬಯಲಿಗೆ ಇಳಿದಿದ್ದ. ಮೂವರು ಹುಡುಗರು ಅವನನ್ನು ಕಂಡು ಹುಲ್ಲಿನಲ್ಲಿ ಅಡಗಿದರು. ಕೋವಿಯನ್ನು ಜೊತೆಗಾರನ ಕೈಗೆ ಕೊಟ್ಟ, ಹುಡುಕಿದ, ರಿಬ್ಬನ್ ಚೂರು ಕೊಟ್ಟ. ಅಲ್ಲಿನ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ ಮನೆಗೆ ಕರೆದರು. ಒಣ ಸಾಲ್ಮನ್, ಕಾಮಸ್ ಗೆಡ್ಡೆ ಬಡಿಸಿದರು. ಸೆಪ್ಟೆಂಬರ್ 22ರಂದು ಅದೇ ಮೀನು, ಅದೇ ಗೆಡ್ಡೆ ಹೊತ್ತ, ಕ್ಲಾರ್ಕ್ ಕಳಿಸಿದ ಬೇಟೆಗಾರ ರೂಬೆನ್ ಫೀಲ್ಡ್ ಬೆಟ್ಟದ ದಾರಿಯಲ್ಲಿ ಲೂಯಿಸ್‌ಗೆ ಎದುರಾದ. ಒಬ್ಬನೂ ಸತ್ತಿರಲಿಲ್ಲ. ಕೂಸೂ ಬದುಕಿತ್ತು.

ಇವರ ಗಟ್ಟಿತನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬಿಟರ್‌ರೂಟ್‌ನಲ್ಲಿ ಗೆದ್ದದ್ದು ಕೋವಿಯಲ್ಲ, ನೆಲ ಅಗೆದು ಗೆಡ್ಡೆ ತೆಗೆದು ಸುಟ್ಟು ಒಣಗಿಸಿ ಕೂಡಿಟ್ಟ ನೆಜ್ ಪರ್ಸ್ ಹೆಂಗಸರ ದುಡಿಮೆ. ಸಣ್ಣ ಬೇಟೆ ಒಂದು ಒಲೆಯನ್ನು ಸಾಕುತ್ತದೆ. ಅದೂ ಕಾಯಿ ಬಲಿತ ಕಾಡಿನಲ್ಲಿ, ಪ್ರಾಣಿ ಕೊಬ್ಬಿದ ತಿಂಗಳಲ್ಲಿ. ದಂಡನ್ನು ಅದು ಸಾಕದು.

ಲೂಯಿಸ್ ಆ ಪಾಠ ಮರೆಯಲಿಲ್ಲ. 1806ರ ಜೂನ್‌ನಲ್ಲಿ ಮರಳುವಾಗ ಚೀಲಗಳ ತುಂಬ ಗೆಡ್ಡೆ ಹೇರಿಕೊಂಡ. ಮೊದಲ ಯತ್ನದಲ್ಲಿ ಆಳೆತ್ತರ ಮೀರಿದ ಹಿಮ ಹಾದಿ ನುಂಗಿತ್ತು, ಹಿಂದಿರುಗಿದ. ನೆಜ್ ಪರ್ಸ್ ಯುವಕರನ್ನು ಮುಂದಿಟ್ಟುಕೊಂಡು ಮತ್ತೆ ಹೊರಟ. ಜೂನ್ 27ರಂದು ಮಾಂಸ ಮುಗಿಯಿತು. ಅಂದು ಊಟದ ಒಂದೊಂದು ಗುಂಪಿಗೂ ಒಂದು ಪಿಂಟ್ ಕರಡಿ ಎಣ್ಣೆ ಹಂಚಿದರು, ಬೇಯಿಸಿದ ಗೆಡ್ಡೆಗೆ ಸುರಿದು ಉಂಡರು. ಜೂನ್ 30ರ ಸಂಜೆ ಎಲ್ಲರೂ ಬೆಟ್ಟದ ಈಚೆ ಇಳಿದಿದ್ದರು.